ಬೀಗರ ಕೈಗೆ ಹುಟ್ಟು

ಬೀಗರ ಮರ್ಯಾದೆ ಎಂಬುದು ಒಲೆಯ ಮೇಲಿನ ಹಾಲು. ಇಟ್ಟವನು ಅತ್ತಿತ್ತ ನೋಡುವಂತಿಲ್ಲ. ಹಿಲ್ಸ್‌ಬರೋದ ನಮ್ಮ ಚಿದಾನಂದನೋ ಕಣ್ಣರೆಪ್ಪೆ ಕೂಡ ಬಡಿಯುವವನಲ್ಲ. ಮೂಲ ಮೈಸೂರು, ಆಕ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಎದುರಿಗೆ ನಿಂತವರ ಮೂಳೆಗಳನ್ನು ಒಂದೂ ಬಿಡದೆ ಕಾಣಬಲ್ಲ. ಮನಸ್ಸು ಮಾತ್ರ ಅವನ ಯಂತ್ರಕ್ಕೆ ಸಿಕ್ಕುವುದಿಲ್ಲ.

ಅವನ ಮಗಳು ಶ್ರೀವಿದ್ಯಾ ಅದೇ ಊರಿನ ಒನೆಹುಂಗಾ ಬಡಾವಣೆಯ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಅಲ್ಲಿಯ ಹೆಂಡರ್ಸನ್ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ಗಗನ್ ನರ್ಸು. ಇಬ್ಬರೂ ಮದುವೆಯಾಗುವುದೆಂದು ತಾವೇ ತೀರ್ಮಾನಿಸಿ, ಚಿದಾನಂದ ಮತ್ತು ಅವನ ಹೆಂಡತಿ ಶಾಂತಾಳ ಒಪ್ಪಿಗೆಯನ್ನೂ ಪಡೆದಾಗಿತ್ತು. ಉಳಿದದ್ದು ಗಗನ್‌ನ ತಂದೆ ಶಿವಪ್ರಸಾದರ ಒಪ್ಪಿಗೆ. ಅವರು ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಡ್ರಿಲ್ ಮಾಸ್ತರಾಗಿ, ಈಚೆಗೆ ನಿವೃತ್ತರಾದವರು. ಹೆಂಡತಿ ಜಯಮ್ಮನವರೊಂದಿಗೆ ಮಗನ ಮನೆಗೆ ಬಂದರು, ಹುಡುಗಿಯನ್ನು ನೋಡಿದರು, ಮಾತಾಡಿಸಿದರು. ಆದರೆ ಹೂಂ ಎನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. "ನಮ್ಮಪ್ಪ ಬಾಯಿಬಿಟ್ಟು ಹೇಳೋತನಕ ನಾ ಮುಂದುವರಿಯಂಗಿಲ್ಲ ಆಂಟಿ," ಎಂದು ಗಗನ್ ಶಾಂತಾಗೆ ಹೇಳಿಬಿಟ್ಟಿದ್ದ.

ಹೀಗಿರುವಾಗ ಚಿದಾನಂದ ವಿಮಾನ ನಿಲ್ದಾಣದಲ್ಲೇ "ಬನ್ನಿ ಬನ್ನಿ ಬೀಗರೇ" ಎಂದು ಶುರುಮಾಡಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ.

"ರೀ, ಅವ್ರಿನ್ನೂ ಒಪ್ಪಿಲ್ಲ. ಸುಮ್ನೆ ಸಾರ್ ಅನ್ನಿ," ಎಂದಳು ಶಾಂತಾ.

"ಬೀಗರೇ ಬೀಗರೇ ಅಂತಿದ್ರೆ ದಾಕ್ಷಿಣ್ಯಕ್ಕಾದ್ರೂ ಆಗ್ಲೇಬೇಕಲ್ಲೇ," ಎಂದು ಅವನು ತನ್ನ ತಂತ್ರವನ್ನು ವಿವರಿಸಿದ.

ತಂತ್ರದ ಎರಡನೆಯ ಭಾಗ ಇನ್ನೂ ಘನವಾದದ್ದು. ಬೀಗರು ಒಂದು ಕಡ್ಡಿಯನ್ನೂ ಎತ್ತಕೂಡದು. ಅವರು ಹಿಲ್ಸ್‌ಬರೋದ ಮನೆಗೆ ಬಂದಾಗಲೆಲ್ಲ ತಟ್ಟೆ ತೊಳೆಯಲು ಎದ್ದರೆ ಚಿದಾನಂದ ತಟ್ಟೆಯನ್ನು ಕಸಿಯುತ್ತಿದ್ದ. ಹಿತ್ತಿಲಿನ ಹುಲ್ಲು ಕತ್ತರಿಸುವ ಯಂತ್ರವನ್ನು ಅವರು ಆಸೆಯಿಂದ ಮುಟ್ಟಿದ ದಿನ ಅದಕ್ಕೆ ಬೀಗ ಹಾಕಿದ. ಒಂದು ಸಂಜೆ ಶಿವಪ್ರಸಾದರು ಯಾರಿಗೂ ಹೇಳದೆ ಕಸದ ಡಬ್ಬಿಯನ್ನು ತಳ್ಳಿಕೊಂಡು ರಸ್ತೆಬದಿಗೆ ಹೊರಟಿದ್ದರು. ಚಿದಾನಂದ ಬರಿಗಾಲಲ್ಲಿ ಓಡಿಬಂದು ಡಬ್ಬಿಯ ಇನ್ನೊಂದು ಹಿಡಿಯನ್ನು ಹಿಡಿದುಕೊಂಡ.

"ಬಿಡ್ರಿ, ನಾ ತಳ್ತೀನಿ," ಎಂದರು ಅವರು.

"ಛೆ ಛೆ, ಬೀಗರ ಕೈಲಿ ಕಸದ ಡಬ್ಬಿಯೇ! ಜನ ನನ್ನ ಮುಖಕ್ಕೆ ಉಗೀತಾರೆ."

"ಯಾವ ಜನಾ ಅದಾರ್ರಿ ಇಲ್ಲಿ?"

ರಸ್ತೆಯಲ್ಲಿ ಇದ್ದದ್ದು ಎದುರುಮನೆಯ ಬೆಕ್ಕು. ಅದು ಇಬ್ಬರು ದೊಡ್ಡ ಮನುಷ್ಯರು ಒಂದು ಕಸದ ಡಬ್ಬಿಗಾಗಿ ಜಗ್ಗಾಡುವುದನ್ನು ಸ್ವಲ್ಪ ಹೊತ್ತು ನೋಡಿ ಒಳಗೆ ಹೋಯಿತು. ಶಿವಪ್ರಸಾದರೂ ಡಬ್ಬಿ ಬಿಟ್ಟು ಒಳಗೆ ಹೋದರು. ಅವರ ಮುಖ ಸಣ್ಣಗಾದದ್ದನ್ನು ಶಾಂತಾ ಕಂಡಳು. ಬೀಗರು ಸಂತೃಪ್ತರಾಗಿದ್ದಾರೆಂದು ಚಿದಾನಂದ ಕಂಡ.

ಜನವರಿಯ ರಜೆಗೆ ಎಲ್ಲರೂ ಟೌಪೋ ಸರೋವರದ ಬಳಿ ಒಂದು ಬ್ಯಾಚ್ ಬಾಡಿಗೆಗೆ ಹಿಡಿದು ಹೋದರು. ಬ್ಯಾಚ್ ಅಂದರೆ ಇಲ್ಲಿಯವರ ರಜೆಯ ಪುಟ್ಟ ಮನೆ. ಅಲ್ಲಿಂದ ಟೊಂಗಾರಿರೊ ನದಿಯಲ್ಲಿ ರಾಫ್ಟಿಂಗ್‌ಗೆ ಹೋಗೋಣವೆಂದದ್ದು ಶ್ರೀವಿದ್ಯಾ. ಚಿದಾನಂದ ಥಟ್ಟನೆ ಒಪ್ಪಿದ. ಅವನ ಮನಸ್ಸಿನಲ್ಲಿದ್ದದ್ದು ರಂಗನತಿಟ್ಟಿನ ದೋಣಿ: ಅಂಬಿಗ ಹಿಂದೆ ನಿಂತು ಹುಟ್ಟು ಹಾಕುತ್ತಾನೆ, ಬೀಗರು ಮುಂದೆ ಕಾಲು ಚಾಚಿ ಕೂತು ಕೊಕ್ಕರೆ ನೋಡುತ್ತಾರೆ, ತಾನು ಪಕ್ಕದಲ್ಲಿ ಕೂತು ಕೋಡುಬಳೆಯ ಡಬ್ಬಿ ಮುಂದೊಡ್ಡುತ್ತಾನೆ. ಡಬ್ಬಿಯನ್ನು ತಂದೂ ಇದ್ದ.

ನದಿ ದಂಡೆಯ ಶೆಡ್ಡಿನಲ್ಲಿ ಅವರನ್ನು ಎದುರುಗೊಂಡವನು ವಿರೇಮು ಎಂಬ ಮಾವೊರಿ ಗೈಡು. ಈ ನೆಲದ ಮೂಲನಿವಾಸಿ, ಎತ್ತರದ ಆಳು, ನಗುಮುಖ, ಕಂಚಿನ ಕಂಠ. ಅವನು ಎಲ್ಲರಿಗೂ ಮೈಗಂಟುವ ರಬ್ಬರ್ ಅಂಗಿ, ಲೈಫ್ ಜಾಕೆಟ್, ಹೆಲ್ಮೆಟ್ ಕೊಟ್ಟ. ಆಮೇಲೆ ಒಂದು ಕಟ್ಟು ಹುಟ್ಟುಗಳನ್ನು ತಂದು ತಲೆಗೊಂದರಂತೆ ಹಂಚತೊಡಗಿದ.

"ಇದೇನು?" ಎಂದ ಚಿದಾನಂದ.

"ಪ್ಯಾಡಲ್, ಡ್ಯಾಡ್. ಎವ್ರಿಬಡಿ ಪ್ಯಾಡಲ್ಸ್," ಎಂದಳು ಶ್ರೀವಿದ್ಯಾ.

"ಎಲ್ರೂ ಅಂದ್ರೆ?"

"ಎವ್ರಿಬಡಿ!"

ಚಿದಾನಂದನ ಜೀವ ಬಾಯಿಗೆ ಬಂತು. ಬೀಗರನ್ನು ಕರೆತಂದು, ರಬ್ಬರ್ ಅಂಗಿ ತೊಡಿಸಿ, ಕೈಗೆ ಹುಟ್ಟು ಕೊಟ್ಟು ದುಡಿಸುವುದೇ! ಅಷ್ಟು ಸಾಲದೆಂಬಂತೆ ವಿರೇಮು ಅಭ್ಯಾಸಕ್ಕೆಂದು "ಫಾರ್ವರ್ಡ್! ಬ್ಯಾಕ್! ಗೆಟ್ ಡೌನ್!" ಎಂದು ಗದರಿಸುತ್ತಿದ್ದ. ಶಿವಪ್ರಸಾದರು ಮಾತ್ರ ಎದೆ ಸೆಟೆಸಿ ನಿಂತು ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳುತ್ತಿದ್ದರು. ನೀರಿಗೆ ಬಿದ್ದವರಿಗೆ ಹುಟ್ಟಿನ ಹಿಡಿಯನ್ನು ಚಾಚಬೇಕು, ಜಾಕೆಟ್ಟಿನ ಹೆಗಲಪಟ್ಟಿ ಹಿಡಿದು ಎಳೆಯಬೇಕು ಎಂಬುದನ್ನು ಜಯಮ್ಮನವರ ಮೇಲೆ ಪ್ರಯೋಗಿಸಿಯೂ ನೋಡಿದರು. ಅವರು ಬಂದಾಗಿನಿಂದ ಅಷ್ಟು ಉತ್ಸಾಹವಾಗಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಚಿದಾನಂದನಿಗೆ ಅದು ಅವಮಾನ ನುಂಗಿಕೊಳ್ಳುವ ದೊಡ್ಡವರ ದೊಡ್ಡತನವಾಗಿ ತೋರಿತು.

ಅವನು ವಿರೇಮುವಿನ ತೋಳು ಹಿಡಿದು ಸಾಮಾನು ಸಾಗಿಸುವ ಯೂಟ್ ಗಾಡಿಯ ಮರೆಗೆ ಕರೆದೊಯ್ದ. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಸಾರಾಂಶ ನಮ್ಮ ಭಾಷೆಯಲ್ಲಿ ಹೀಗೆ.

"ನೋಡಪ್ಪ, ಆ ಹಿರಿಯರು ಇದ್ದಾರಲ್ಲ, ಅವರ ಕೈಲಿ ಯಾವ ಕೆಲಸಾನೂ ಮಾಡಿಸಬೇಡ. ದಯವಿಟ್ಟು ಜೋರಾಗಿ ಕೂಗಬೇಡ. ಅವರ ಹಾರ್ಟಿಗೆ ಒಂಚೂರೂ ನೋವಾಗಬಾರದು."

ವಿರೇಮುವಿನ ನಗು ಇಳಿಯಿತು. "ಅವರಿಗೆ ಗೊತ್ತಾ?"

"ಅಯ್ಯೋ, ಗೊತ್ತಾಗಲೇಬಾರದು! ನಾನು ಹೇಳಿದೆ ಅಂತ ಅವರ ಮನೆಯವರಿಗೂ ಗೊತ್ತಿಲ್ಲ."

"ಎಷ್ಟು ದಿನ ಇದ್ದಾರೆ?"

"ಇನ್ನು ಮೂರೇ ವಾರ. ಅಷ್ಟರಲ್ಲಿ ಅವರು ಹೂಂ ಅಂದ್ರೆ ಮಕ್ಕಳ ಮದುವೆ. ಇಲ್ಲಾಂದ್ರೆ ಎಲ್ಲಾ ಮುಗಿದ ಹಾಗೆ."

ವಿರೇಮು ನದಿಯ ಕಡೆ ನೋಡಿದ. "ಇಂಥವರನ್ನ ನಾನು ನೀರಿಗಿಳಿಸಬಾರದು," ಎಂದ.

"ಜೊತೆಗೆ ಮಗ ಇದ್ದಾನೆ, ನರ್ಸು. ನಾನೂ ಆಸ್ಪತ್ರೆಯವನೇ," ಎಂದ ಚಿದಾನಂದ, ಬೀಗರ ಯೋಗ್ಯತೆಗೆ ತಕ್ಕ ಪರಿವಾರ ಇದೆಯೆಂದು ತೋರಿಸಲು.

ವಿರೇಮು ಅವನನ್ನು ತಬ್ಬಿಕೊಂಡ. ಈ ದೇಶದವರಿಗೆ ಬೀಗರೆಂದರೆ ಇಷ್ಟು ಗೌರವವೇ ಎಂದು ಚಿದಾನಂದನ ಕಣ್ಣು ತುಂಬಿತು.

ಸುದ್ದಿ ಶೆಡ್ಡಿನಲ್ಲಿ ಹರಡಲು ತಡವಾಗಲಿಲ್ಲ. ಕೌಂಟರಿನ ಹುಡುಗಿ ಓಡಿಬಂದು ಶಿವಪ್ರಸಾದರಿಗೆ ತನ್ನ ಸ್ವಂತ ಉಣ್ಣೆ ಟೋಪಿ ಕೊಟ್ಟಳು. ಇನ್ನೊಬ್ಬ ಗೈಡು ಅವರ ಎರಡೂ ಕೈಗಳನ್ನು ಹಿಡಿದುಕೊಂಡು ತಲೆಯಾಡಿಸಿ ಹೋದ. ನದಿಗಿಳಿಯುವ ಮೊದಲು ವಿರೇಮು ಮಾವೊರಿಯಲ್ಲಿ ಪ್ರಾರ್ಥನೆ ಹೇಳಿದ. ಅದು ವಾಡಿಕೆ. ಆದರೆ ಈ ಸಲ ಶಿವಪ್ರಸಾದರ ಹೆಗಲ ಮೇಲೆ ಕೈಯಿಟ್ಟು ಇನ್ನೊಂದನ್ನು ಸೇರಿಸಿದ, ಅದು ಮೊದಲಿನದಕ್ಕಿಂತ ಉದ್ದವಾಗಿತ್ತು.

"ಭಾಳ ಛಲೋ ಮಂದಿ ಐತಿ ಇಲ್ಲೆ," ಎಂದರು ಶಿವಪ್ರಸಾದರು, ಟೋಪಿ ಸರಿಮಾಡಿಕೊಳ್ಳುತ್ತ.

ಆ ಸಂತೋಷ ಗಾಳಿ ತುಂಬಿದ ರಬ್ಬರ್ ರಾಫ್ಟ್ ಹತ್ತುವವರೆಗೆ ಮಾತ್ರ. ವಿರೇಮು ಅವರ ಕೈಯಿಂದ ಹುಟ್ಟನ್ನು ಮೆಲ್ಲನೆ ತೆಗೆದುಕೊಂಡು, ಅವರನ್ನು ಹಿಂದುಗಡೆ ತನ್ನ ಮಗ್ಗುಲಲ್ಲೇ ಕೂಸನ್ನು ಕೂರಿಸಿದ ಹಾಗೆ ಕೂರಿಸಿದ. ಚಿದಾನಂದನಿಗೆ ಅರ್ಧ ಸಮಾಧಾನ, ಅರ್ಧ ಸಂಕಟ. ಹುಟ್ಟು ತಪ್ಪಿತು ನಿಜ, ಆದರೆ ಬೀಗರನ್ನು ಹಿಂದಿನ ಸಾಲಿನಲ್ಲಿ ಕೂರಿಸುವುದು ಎಲ್ಲಿಯ ಪದ್ಧತಿ? ಅವನು, ಶಾಂತಾ ಮುಂದೆ. ಗಗನ್, ಶ್ರೀವಿದ್ಯಾ ನಡುವೆ. ಜಯಮ್ಮನವರು ಗಂಡನ ಎದುರು ಬದಿಗೆ. ಚಿದಾನಂದ ಹಿಂದಕ್ಕೆ ತಿರುಗಿ ತಿರುಗಿ, "ಬೀಗರೇ, ಆರಾಮಾಗಿದೆಯಾ?" ಎಂದು ಕೇಳುತ್ತಲೇ ಇದ್ದ.

ಶಿವಪ್ರಸಾದರು ಬರಿಗೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಮೊದಮೊದಲ ಇಳಿಜಾರುಗಳು ಸಣ್ಣವು. ಹಿಮದ ಬೆಟ್ಟದಿಂದ ಇಳಿದ ನೀರು ಹಸಿರಾಗಿ, ತಿಳಿಯಾಗಿ, ಬಂಡೆಗಳ ನಡುವೆ ನೊರೆಯಾಗಿ ಹರಿಯುತ್ತಿತ್ತು. ರಾಫ್ಟ್ ಕುಣಿಯಿತು, ಎಲ್ಲರ ಮುಖಕ್ಕೂ ನೀರು ರಾಚಿತು, ಶ್ರೀವಿದ್ಯಾ ಕಿರುಚಿ ನಕ್ಕಳು. ವಿರೇಮು ಮಾತ್ರ ಆಜ್ಞೆಗಳನ್ನು ಲಾಲಿಹಾಡಿನಂತೆ ಪಿಸುಗುಟ್ಟುತ್ತಿದ್ದ. ಮುಂದಿನವರಿಗೆ ಕೇಳಿಸದೆ ಒಬ್ಬರು ಮುಂದಕ್ಕೆ, ಒಬ್ಬರು ಹಿಂದಕ್ಕೆ ಹುಟ್ಟು ಹಾಕಿ ರಾಫ್ಟ್ ಬುಗುರಿಯಾಡಿತು. ಹಾದುಹೋಗುವ ಬೇರೆ ರಾಫ್ಟುಗಳ ಗೈಡುಗಳು ಶಿವಪ್ರಸಾದರನ್ನು ಕಂಡು ಹೆಲ್ಮೆಟ್ ಮುಟ್ಟಿ ವಂದಿಸಿದರು.

ನೀರು ಶಾಂತವಾದ ಒಂದು ಮಡುವಿನಲ್ಲಿ ರಾಫ್ಟ್ ತೇಲತೊಡಗಿತು. ದಡದ ಕಲ್ಲಿನ ಮೇಲೆ ಬೂದುನೀಲಿ ಬಾತುಕೋಳಿಗಳೆರಡು ಬಿಸಿಲು ಕಾಯಿಸುತ್ತಿದ್ದವು. ವಿರೇಮು ಮುಂದೆ ಬಾಗಿ ಗಗನ್‌ನ ಬೆನ್ನು ತಟ್ಟಿದ. "ಅಪ್ಪನ ಜೊತೆ ಈ ದಿನವನ್ನ ಚೆನ್ನಾಗಿ ಕಳಿ ಬ್ರೋ. ಮೂರು ವಾರ ಬಹಳ ಕಡಿಮೆ. ಹೃದಯ ತಾನೆ?"

"ಏನು ಹೃದಯ? ಯಾರು ಹೇಳಿದ್ದು?"

ವಿರೇಮು ಕಣ್ಣಿನಲ್ಲೇ ಚಿದಾನಂದನನ್ನು ತೋರಿಸಿದ.

ಗಗನ್‌ನ ಕಣ್ಣು ಗಕ್ಕನೆ ತಂದೆಯ ಕಡೆ ತಿರುಗಿತು. ಬೇರೆ ಯಾರಾದರೂ ಹೇಳಿದ್ದರೆ ಅವನು ನಂಬುತ್ತಿರಲಿಲ್ಲ. ಹೇಳಿದವರು ಎಕ್ಸ್‌ರೇ ಅಂಕಲ್! ದಿನಾ ನೂರಾರು ಎದೆ ನೋಡುವವರು. ಬರಿಗಣ್ಣಿಗೆ ಎದೆಯೊಳಗಿನದು ಕಾಣುವುದಿಲ್ಲವೆಂದು ನರ್ಸಾದ ಗಗನ್‌ಗೆ ಗೊತ್ತು; ಮಗನಾದ ಗಗನ್‌ಗೆ ಆ ಕ್ಷಣ ಮರೆತುಹೋಯಿತು. ಅವನ ಮುಖ ನೋಡಿ ತಾಯಿ "ಏನಾತೋ?" ಎಂದರು. ಅವನು ತಡವರಿಸಿ ಕಿವಿಯಲ್ಲಿ ಹೇಳಿದ. ಜಯಮ್ಮನವರು ಹುಟ್ಟನ್ನು ಅವುಚಿಕೊಂಡು ಗೊಳೋ ಎಂದರು.

"ಯಾಕ ಅಳಾಕ ಹತ್ತೀ?" ಎಂದರು ಶಿವಪ್ರಸಾದರು.

"ನನಗ ಒಂದು ಮಾತು ಹೇಳಬಾರದಿತ್ತೇನ್ರಿ? ಇನ್ನ ಮೂರು ವಾರ ಅಷ್ಟ ಅಂತ!"

"ಅದರಾಗ ಹೇಳೂದೇನೈತಿ? ಟಿಕೆಟ್ ತೆಗಿಸೋ ಮುಂದ ನೀನೂ ಅಲ್ಲೇ ಕುಂತಿದ್ದಿ."

"ಆವಾಗಿಂದನೂ ಗೊತ್ತಿತ್ತಾ ನಿಮಗ!"

"ಗೊತ್ತಿರಲಾರದ ಏನು? ಹೋಗೂ ದಿನ ಬಂದರ ಹೋಗೂದ. ಅದಕ್ಕ ಅಳತಾರೇನು? ನೀನೂ ನನ್ನ ಜೋಡೀನ ಬರಾಕಿ ಅಲ್ಲ?"

ಜಯಮ್ಮನವರ ಅಳು ಥಟ್ಟನೆ ನಿಂತಿತು. ಪತಿಭಕ್ತಿಗೂ ಒಂದು ಮಿತಿಯಿದೆ.

"ಅಪ್ಪಾ, ನಿಮಗ ಎದಿ ರೋಗ ಐತಿ ಅಂತ ಅಂಕಲ್ ಹೇಳ್ಯಾರ," ಎಂದ ಗಗನ್, ಇನ್ನು ತಡೆಯಲಾರದೆ.

ರಾಫ್ಟಿನಲ್ಲಿದ್ದವರೆಲ್ಲ ಅವರತ್ತ ತಿರುಗಿದರು. ಬಾತುಕೋಳಿಗಳೂ ಇತ್ತ ತಿರುಗಿದವು. ಶಿವಪ್ರಸಾದರ ಮುಖ ಕೆಂಪಾಯಿತು. ಕೊಟ್ಟ ಟೋಪಿ, ಹಿಡಿದ ಕೈ, ಉದ್ದನೆಯ ಪ್ರಾರ್ಥನೆ, ಕಸಿದುಕೊಂಡ ಹುಟ್ಟು, ಎಲ್ಲವೂ ಒಟ್ಟಿಗೆ ಅರ್ಥವಾದವು.

"ಏನ್ರಿ ಚಿದಾನಂದ!" ಎಂದು ಅವರು ಮೈದಾನದ ಆ ತುದಿಗೆ ಕೇಳುವ ದನಿಯಲ್ಲಿ ಗುಡುಗಿದರು. "ಹುಟ್ಟಿದಾಗಿಂದ ಒಂದು ಗುಳಿಗಿ ನುಂಗಿದಾಂವ ಅಲ್ಲ ನಾನು. ನಮ್ಮ ಮನೆತನಕ್ಕ ರೋಗ ಐತಿ ಅಂತ ಊರ ತುಂಬ ಹಬ್ಬಿಸೀರೇನು? ಸಂಬಂಧ ಬ್ಯಾಡ ಅಂದ್ರ ಬ್ಯಾಡ ಅನ್ನಬೇಕ್ರಿ ನೇರ!"

"ಡ್ಯಾಡ್! ವಾಟ್ ಡಿಡ್ ಯು ಡೂ?" ಎಂದಳು ಶ್ರೀವಿದ್ಯಾ. ಮಗಳ ಮದುವೆ ಕಣ್ಣೆದುರಿಗೇ ನೀರುಪಾಲಾಗುತ್ತಿರುವುದು ಚಿದಾನಂದನಿಗೆ ಕಂಡಿತು. ಕ್ಷಮೆ ಕೇಳಬೇಕು, ಈ ಕ್ಷಣ ಕೇಳಬೇಕು. ಆದರೆ ಬೀಗರಲ್ಲಿ ಕೂತುಕೊಂಡು ಕ್ಷಮೆ ಕೇಳುವುದುಂಟೆ? ಅವನ ವಂಶದಲ್ಲಿ ಯಾರೂ ಹಾಗೆ ಮಾಡಿರಲಿಲ್ಲ.

ಅವನು ಎದ್ದು ನಿಂತ.

"ಸಿಟ್ ಡೌನ್!" ಎಂದು ವಿರೇಮು ಆ ದಿನ ಮೊದಲ ಬಾರಿಗೆ ನಿಜವಾದ ಕಂಠದಲ್ಲಿ ಕೂಗಿದ. ಮಡು ಮುಗಿದು ಮುಂದಿನ ಇಳಿಜಾರು ಶುರುವಾಗುವುದರಲ್ಲಿತ್ತು. ಚಿದಾನಂದ ಹುಟ್ಟನ್ನು ಕೆಳಗಿಟ್ಟು, ಹಿಂದಕ್ಕೆ ತಿರುಗಿ, ಎರಡೂ ಕೈ ಜೋಡಿಸಿ, "ಬೀಗರೇ, ದಯವಿಟ್ಟು..." ಎಂದು ಸೊಂಟ ಬಗ್ಗಿಸಿದ. ರಾಫ್ಟ್ ಒಂದು ಬಂಡೆಗೆ ತಾಗಿತು. ಕೈ ಜೋಡಿಸಿದ ಭಂಗಿಯಲ್ಲೇ ಅವನು ಬದಿಯಿಂದ ನದಿಗಿಳಿದ.

ಲೈಫ್ ಜಾಕೆಟ್ ಅವನನ್ನು ಕೂಡಲೇ ಮೇಲಕ್ಕೆತ್ತಿತು. ಪ್ರಾಣಕ್ಕೇನೂ ಅಪಾಯವಿರಲಿಲ್ಲ, ಆದರೆ ಅದನ್ನು ಚಿದಾನಂದನಿಗೆ ಯಾರೂ ಹೇಳಿರಲಿಲ್ಲ. ಶಾಂತಾ "ಅಯ್ಯೋ ರೀ!" ಎಂದು ಕೂಗುವಷ್ಟರಲ್ಲಿ ಶಿವಪ್ರಸಾದರು ಹೆಂಡತಿಯ ಕೈಯಿಂದ ಹುಟ್ಟನ್ನು ಕಿತ್ತುಕೊಂಡಿದ್ದರು. ರಾಫ್ಟಿನ ಅಂಚಿಗೆ ಮಂಡಿಯೂರಿ ಹಿಡಿಯನ್ನು ಚಾಚಿದರು. "ಹಿಡೀರಿ!"

ಮನುಷ್ಯನ ಸ್ವಭಾವ ಸುಲಭಕ್ಕೆ ಬಿಡುವುದಿಲ್ಲ. "ಬೀಗರೇ, ನೀವು ತೊಂದ್ರೆ ತಗೋಬೇಡಿ!" ಎಂದ ಚಿದಾನಂದ ನೀರಿನಿಂದ. "ಗಗನ್ ಎಳ್ಕೋತಾನೆ!"

ಆಗ ಒಂದು ಅಲೆ ಬಂದು ಅವನ ಬಾಯೊಳಗೆ ಹೊಕ್ಕಿತು. ಹಿಮದ ನೀರು ಗಂಟಲಲ್ಲಿ ಇಳಿಯುತ್ತಿದ್ದಂತೆ ಮೈಸೂರಿನ ಸಂಸ್ಕಾರವೆಲ್ಲ ಅದರ ಜೊತೆಯಲ್ಲೇ ಇಳಿಯಿತು. ಮುಂದಿನ ಉಸಿರಿಗೆ ಅವನ ಬಾಯಿಂದ ಬಂದದ್ದು ಹೀಗೆ:

"ಲೋ ಶಿವಪ್ರಸಾದಾ! ಎಳಿಯೋ! ನೋಡ್ತಾ ಕೂತಿದ್ದೀಯಲ್ಲೋ, ಎಳಿಯೋ ಮಾರಾಯಾ!"

ಹೆಣ್ಣಿನ ತಂದೆ ಗಂಡಿನ ತಂದೆಯನ್ನು ಹೀಗೆ ಸಂಬೋಧಿಸಿದ ಇನ್ನೊಂದು ಪ್ರಸಂಗ ನನಗೆ ತಿಳಿದಿಲ್ಲ. ಶಿವಪ್ರಸಾದರು ಒಂದು ಗಳಿಗೆ ಕಣ್ಣರಳಿಸಿದರು. ಆಮೇಲೆ ಅವನ ಎರಡೂ ಹೆಗಲಪಟ್ಟಿ ಹಿಡಿದು, ಹಿಂದಕ್ಕೆ ಒರಗಿ, ಒಂದೇ ಎಳೆತಕ್ಕೆ ಮೇಲೆತ್ತಿ ಹಾಕಿದರು. ಚಿದಾನಂದ ಬಂದು ಬೀಗರ ಎದೆಯ ಮೇಲೇ ಬಿದ್ದ. ಕಾಯಿಲೆಯದೆನ್ನಲಾದ ಆ ಎದೆಗೆ ಏನೂ ಆಗಲಿಲ್ಲ.

"ಸರ್, ನಿಮ್ಮ ಹಾರ್ಟ್!" ಎಂದು ವಿರೇಮು ಗಾಬರಿಯಾದ.

"ಹಾರ್ಟ್ ನಂಬರ್ ಒನ್!" ಎಂದು ಇಂಗ್ಲಿಷಿನಲ್ಲಿ ಗುಡುಗಿದ ಶಿವಪ್ರಸಾದರು ದಾಟಿಕೊಂಡು ಹೋಗಿ ಚಿದಾನಂದನ ಮುಂದಿನ ಜಾಗದಲ್ಲಿ ಕೂತರು. "ನೀ ಗಟ್ಟಿಯಾಗಿ ಕೂಗಪಾ! ಡ್ರಿಲ್ ಅಂದಮ್ಯಾಲ ಪಿಸುಪಿಸು ಏನದು?"

ಭಾಷೆ ತಿಳಿಯದಿದ್ದರೂ ವಿರೇಮುವಿಗೆ ಅರ್ಥ ತಿಳಿಯಿತು. "ಫಾರ್ವರ್ಡ್!" ಎಂಬ ಅವನ ಕೂಗು ಕಣಿವೆಯಲ್ಲಿ ಮೊಳಗಿತು. ಅಲ್ಲಿಂದ ಮುಂದೆ ರಾಫ್ಟ್ ಬಾಣದ ಹಾಗೆ ಹೋಯಿತು. ಶಿವಪ್ರಸಾದರು ಹುಟ್ಟು ಹಾಕಿದರು, ನೀರು ಕುಡಿದರು, ಎಡಗಡೆಯವರು ಸಡಿಲವಾದಾಗ ಬೈದರು, ಪಕ್ಕದಲ್ಲಿದ್ದ ಶಾಂತಾಳನ್ನು "ಶಾಭಾಸ್ರೀ ತಂಗಿ!" ಎಂದು ಹುರಿದುಂಬಿಸಿದರು. ಹಿಂದುಗಡೆ, ವಿರೇಮುವಿನ ಮಗ್ಗುಲಲ್ಲಿ, ಹುಟ್ಟಿಲ್ಲದೆ ಕೂತ ಚಿದಾನಂದ ನಡುಗುತ್ತಿದ್ದ. ಅರ್ಧ ಚಳಿಗೆ, ಅರ್ಧ ತನ್ನ ಬಾಯಿಂದ ಬಂದ ಮಾತಿಗೆ. ರೋಗದ ಸುದ್ದಿಯನ್ನಾದರೂ ಹೇಗೋ ತೊಳೆದುಕೊಳ್ಳಬಹುದಿತ್ತು. "ಎಳಿಯೋ" ಎಂದದ್ದನ್ನು ಯಾವ ನೀರಿನಲ್ಲಿ ತೊಳೆಯುವುದು?

ದಡ ಸೇರಿದಾಗ ಶ್ರೀವಿದ್ಯಾ ವಿರೇಮುವಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು: ಹೃದ್ರೋಗವಿಲ್ಲ, ಇರುವುದು ಬರೀ ಬೀಗತನ, ಮೂರು ವಾರ ಎಂದರೆ ವಿಮಾನಕ್ಕೆ. ಅವನು ಕಲ್ಲಿನ ಮೇಲೆ ಕೂತು ಕಣ್ಣೀರು ಬರುವ ತನಕ ನಕ್ಕ. ತಮ್ಮಲ್ಲೂ ಬೀಗರು ಬಂದರೆ ಉಪಚಾರ ಜೋರೇ, ಆದರೆ ಸಾಯಿಸುವ ಮಟ್ಟಕ್ಕೆ ಯಾರೂ ಹೋಗಿಲ್ಲ ಎಂದ. ಎಲ್ಲರಿಗೂ ಬಿಸಿಬಿಸಿ ಮೈಲೋ ಚಾಕೊಲೇಟ್ ಹಾಲು, ಜೊತೆಗೆ ಒಂದು ಪೊಟ್ಟಣ ಶುಂಠಿ ಬಿಸ್ಕತ್ತು ತಂದಿಟ್ಟ.

ಗಗನ್ ತಂದೆಯ ಮುಖ ನೋಡುತ್ತಿದ್ದ, ಶ್ರೀವಿದ್ಯಾ ನೆಲ ನೋಡುತ್ತಿದ್ದಳು. ಕೊನೆಗೆ ಶಾಂತಾಳೇ ಧೈರ್ಯ ಮಾಡಿದಳು.

"ಅಣ್ಣಾವ್ರೇ, ನಮ್ಮನೆಯವ್ರು ಆಡಿದ್ದನ್ನ ಮನಸ್ಸಿಗೆ ಹಚ್ಕೋಬೇಡಿ. ಭಯದಲ್ಲಿ ಏನೋ ಅಂದ್ಬಿಟ್ರು."

"ಖರೇ ಹೇಳ್ಲ್ಯಾ ತಂಗಿ?" ಎಂದರು ಶಿವಪ್ರಸಾದರು, ಲೋಟ ಕೆಳಗಿಟ್ಟು. "ನಾ ಒಲ್ಲೆ ಅನ್ನಾಕ ಕುಂತಿದ್ದೆ. ಹುಡುಗಿ ಬಂಗಾರ. ಆದರ ಈ ಮನ್ಯಾಗ ಒಂದು ಕಡ್ಡಿ ಎತ್ತಾಕ ಬಿಡಂಗಿಲ್ಲ. ದಿನಾ ಪೂಜಿ. ನಮ್ಮ ಹುಡುಗನ್ನ ಇವರ ಅಳಿಯನ್ನ ಮಾಡಿದರ ಅವನ ಕೈಕಾಲು ಬಿದ್ದು ಹೋಗ್ತಾವು ಅನಿಸಿತ್ತು. ನನಗರ, ಇಲ್ಲಿ ಬಂದಾಗಿಂದ, ಸತ್ತು ಫೋಟೋ ಆಗೀನೇನೋ ಅನಸಾಕ ಹತ್ತಿತ್ತು."

ಚಿದಾನಂದ ತಲೆಯೆತ್ತಲಿಲ್ಲ.

"ಈಗೇನಂತೀರಿ?" ಎಂದಳು ಶಾಂತಾ ಮೆಲ್ಲಗೆ.

"ಈಗ ಇಂವಾ ನನಗ 'ಲೋ' ಅಂದಾನ." ಶಿವಪ್ರಸಾದರ ದನಿ ಯಾಕೋ ಸ್ವಲ್ಪ ಒದ್ದೆಯಾಗಿತ್ತು. "ನಮ್ಮಣ್ಣ ತೀರಿಕೊಂಡ ಮ್ಯಾಲ ನನಗ ಹಂಗ ಅನ್ನಾವ್ರ ಇದ್ದಿಲ್ಲ. ಎಲ್ಲಾರೂ ಸರ್ ಸರ್. ಜೀವ ಹೋಗೂ ಹೊತ್ತಿನಾಗ ಹೆಸರು ಹಿಡಿದು ಬೈದು ಕರದಾಂವ ನಮ್ಮಾಂವ. ಅಂಥಾ ಮನೀಗೆ ಮಗನ್ನ ಕಳಸ್ತೀನಿ. ಮದುವಿ ಮಾಡೂಣು."

ಜಯಮ್ಮನವರು ಈ ಸಲ ಕಾರಣವಿದ್ದೇ ಅತ್ತರು. ಶ್ರೀವಿದ್ಯಾ ಹೋಗಿ ಅವರನ್ನು ತಬ್ಬಿಕೊಂಡಳು. ವಿರೇಮುವಿಗೆ ಏನೂ ತಿಳಿಯದಿದ್ದರೂ ಚಪ್ಪಾಳೆ ತಟ್ಟಿದ.

"ಆದರ ಒಂದು ಕರಾರು," ಎಂದರು ಶಿವಪ್ರಸಾದರು, ಬೆರಳೆತ್ತಿ. "ಇನ್ನೊಮ್ಮೆ ನನಗ 'ಬೀಗರೇ' ಅಂದರ ಈ ಮದುವಿ ಕ್ಯಾನ್ಸಲ್."

ಚಿದಾನಂದ ಎದ್ದು ನಿಂತ. ಕೈಗಳು ತಾವೇ ಒಂದಾದವು. ಮುಖದ ತುಂಬ ನಗು, ಕಣ್ಣ ತುಂಬ ನೀರು.

"ಆಗ್ಲಿ, ಬೀ..."

ಶಾಂತಾ ಅವನ ಬಾಯಿಗೆ ಇಡೀ ಶುಂಠಿ ಬಿಸ್ಕತ್ತನ್ನು ತುರುಕಿದಳು. ಬಾಯಿ ಸಿಹಿಯಾಯಿತು, ಸಂಬಂಧ ಉಳಿಯಿತು.